ಚಿತ್ರಕಥೆಯೂ ವಾಚಕರ ಬರವೂ

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಅಮೆರಿಕ ದೇಶದ ಚಿತ್ರಕಥಾ ಪ್ರಕಾಶಕರು ಹಲವು ದಶಕಗಳಿಂದ ಹೇಳುತ್ತ ಬಂದಿರುವ ದೂರನ್ನು ಕೇಳಿದವರಿಗೆ ಈ ಗಾದೆಯು ನೆನಪಿಗೆ ಬಾರದಿರದು. ಚೌಕಟ್ಟಿನ ಪಕ್ಕದಲ್ಲಿ ಚೌಕಟ್ಟನ್ನಿಟ್ಟು ಚಿತ್ರಗಳನ್ನು ಸಾಲಾಗಿ ಜೋಡಿಸಿ, ಪಾತ್ರಗಳ ಬಾಯಿಂದ ಹೊರಟ ಗುಳ್ಳೆಗಳಲ್ಲಿ ಮಾತನ್ನು ಬರೆದು ಕಥೆ ಹೇಳುವ ಪುಸ್ತಕಗಳಿಗೆ ಆ ದೇಶದಲ್ಲಿ ಕಾಮಿಕ್ಸ್ ಎಂದು ಹೆಸರು. ಒಳಗಿನ ಕಥೆಯು ಕೊಲೆಯದಾಗಲಿ ಯುದ್ಧದ್ದಾಗಲಿ, ಹೆಸರು ಮಾತ್ರ ಹಾಸ್ಯದ್ದು. ಈ ಪುಸ್ತಕಗಳನ್ನು ಸಾಮಾನ್ಯ ವಾಚಕರು ಕೊಳ್ಳುವುದಿಲ್ಲ; ಕಾದಂಬರಿಯನ್ನೂ ಪತ್ರಿಕೆಯನ್ನೂ ಓದುವ ಗೃಹಸ್ಥರು ಇವುಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ; ವಿದ್ಯಾವಂತರು ಚಿತ್ರವೆಂದೊಡನೆ ಮೂಗು ಮುರಿಯುತ್ತಾರೆ; ಮಕ್ಕಳನ್ನಾದರೋ ಟೆಲಿವಿಷನ್ನೂ ಕಂಪ್ಯೂಟರ್ ಆಟಗಳೂ ಸೆಳೆದೊಯ್ದಿವೆ. ಇದು ದೂರಿನ ಸಾರಾಂಶ. ದೂರು ಕೇಳಲು ಕರುಣಾಜನಕವಾಗಿದೆ. ವಿಚಾರಿಸಿ ನೋಡಿದರೆ ಹುರುಳಿಲ್ಲದುದಾಗಿದೆ. ವಾಚಕನು ಬಾರದಿರುವುದಕ್ಕೆ ವಾಚಕನು ಕಾರಣನಲ್ಲ; ಚಿತ್ರಕಥೆಯೆಂಬ ಕಲಾಪ್ರಕಾರವೂ ಕಾರಣವಲ್ಲ. ಬಾಗಿಲಿಗೆ ಒಳಗಿನಿಂದ ತಾನೇ ಅಗುಳಿ ಹಾಕಿಕೊಂಡು, ಯಾರೂ ಬರಲಿಲ್ಲವೆಂದು ಮರುಗುವ ಉದ್ಯಮವೇ ಕಾರಣವೆಂಬುದನ್ನು ಅದರ ಚರಿತ್ರೆಯೇ ಸಾರುತ್ತದೆ.

ಮೊದಲು ಕಲಾಪ್ರಕಾರದ ಮೇಲಿರುವ ಆಕ್ಷೇಪಣೆಯನ್ನು ತೆಗೆದುಕೊಳ್ಳಬಹುದು. ಚಿತ್ರದ ಮೂಲಕ ಕಥೆ ಹೇಳುವುದು ಅಕ್ಷರ ಕಲಿಯದವರಿಗೂ ಎಳೆಯರಿಗೂ ಮಾತ್ರ ಸಲ್ಲತಕ್ಕದ್ದು, ಬುದ್ಧಿ ಬಲಿತವರಿಗೆ ಅದು ತಕ್ಕುದಲ್ಲ ಎನ್ನುವವರುಂಟು. ಈ ಮಾತನ್ನಾಡುವವರು ಹಂಪೆಯ ಹಜಾರರಾಮ ದೇವಾಲಯದ ಗೋಡೆಗಳ ಮುಂದೆ ಒಮ್ಮೆ ನಿಲ್ಲಬೇಕು. ಅಲ್ಲಿ ರಾಮಾಯಣವು ಸಾಲು ಸಾಲಾಗಿ, ಒಂದು ದೃಶ್ಯದ ಮಗ್ಗುಲಲ್ಲಿ ಮತ್ತೊಂದು ದೃಶ್ಯವಾಗಿ, ಕಲ್ಲಿನಲ್ಲಿ ಹರಿದಿದೆ. ಅದನ್ನು ಕಡೆಯಿಸಿದವರು ಎಳೆಯರಿಗಾಗಿ ಕಡೆಯಿಸಲಿಲ್ಲ. ಅದು ವಿಜಯನಗರದ ಅರಮನೆಯ ಆವರಣದಲ್ಲಿದ್ದ ಗುಡಿ. ಚಿತ್ರಮಾಲೆಯನ್ನು ಓದುವುದಕ್ಕೂ ಒಂದು ಪರಿಶ್ರಮ ಬೇಕು. ಎರಡು ಚೌಕಟ್ಟುಗಳ ನಡುವಣ ಬರಿಯ ಜಾಗದಲ್ಲಿ ನಡೆದುದೇನೆಂಬುದನ್ನು ಓದುವವನೇ ಊಹಿಸಿಕೊಳ್ಳಬೇಕು; ಮಾತು ಒಂದನ್ನು ಹೇಳುತ್ತಿರುವಾಗ ಮುಖವು ಇನ್ನೊಂದನ್ನು ಹೇಳುತ್ತಿದ್ದರೆ ಎರಡನ್ನೂ ಏಕಕಾಲದಲ್ಲಿ ಹಿಡಿಯಬೇಕು. ಇದು ಸೋಮಾರಿಯ ಕೆಲಸವಲ್ಲ.

ತರ್ಕಕ್ಕಿಂತಲೂ ಬಲವಾದುದು ಪ್ರತ್ಯಕ್ಷ ಪ್ರಮಾಣ. ಜಪಾನ್ ದೇಶದಲ್ಲಿ ಇದೇ ಕಲೆಗೆ ಮಾಂಗಾ ಎಂದು ಹೆಸರು. ಅಲ್ಲಿ 1968ರಲ್ಲಿ ಆರಂಭವಾದ 'ಶೋನೆನ್ ಜಂಪ್' ಎಂಬ ಪತ್ರಿಕೆಯು ವಾರಪತ್ರಿಕೆಯಾಗಿ ಬೆಳೆದು, 1990ರ ದಶಕದ ನಡುವಿನಲ್ಲಿ ಒಂದೊಂದು ವಾರಕ್ಕೆ 60 ಲಕ್ಷಕ್ಕೂ ಮೀರಿದ ಪ್ರತಿಗಳಲ್ಲಿ ಅಚ್ಚಾಗುತ್ತಿತ್ತು. ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ, ಕಚೇರಿಗೆ ಹೋಗುವ ಗಂಡಸರಿಗೆ ಬೇರೆ, ಗೃಹಿಣಿಯರಿಗೆ ಬೇರೆ ಪತ್ರಿಕೆಗಳು ಅಲ್ಲಿ ಹುಟ್ಟಿಕೊಂಡವು. ಅಡುಗೆಯನ್ನು ಕುರಿತು, ಚದುರಂಗದಂತಹ ಗೋ ಎಂಬ ಆಟವನ್ನು ಕುರಿತು, ವೈದ್ಯರನ್ನು ಕುರಿತು, ವ್ಯಾಪಾರವನ್ನು ಕುರಿತು ನೂರಾರು ಕಥಾಮಾಲೆಗಳು ಬಂದವು. ಹಿರೋಷಿಮಾದ ಅಣುಬಾಂಬಿನಿಂದ ಬಾಲ್ಯದಲ್ಲಿ ಬದುಕಿ ಉಳಿದ ಕೇಜಿ ನಕಾಜಾವಾ ಎಂಬಾತನು ತಾನು ಕಂಡುದನ್ನು 1973ರಿಂದ ಚಿತ್ರಕಥೆಯಾಗಿ ಬರೆದುದು ಮೇಲೆ ಹೇಳಿದ ಹುಡುಗರ ಪತ್ರಿಕೆಯಲ್ಲಿಯೇ. ಫ್ರಾನ್ಸ್ ಬೆಲ್ಜಿಯಂ ದೇಶಗಳಲ್ಲಿಯೂ ಹೀಗೆಯೇ. 1929ರಲ್ಲಿ ಹುಟ್ಟಿದ ಟಿನ್‌ಟಿನ್, 1959ರಲ್ಲಿ ಹುಟ್ಟಿದ ಆಸ್ಟೆರಿಕ್ಸ್ ಇವರ ಪುಸ್ತಕಗಳು ಗಟ್ಟಿರಟ್ಟಿನ ಸಂಪುಟಗಳಾಗಿ ಇತರ ಗ್ರಂಥಗಳ ಜೊತೆಯಲ್ಲಿಯೇ ಅಂಗಡಿಯಲ್ಲಿ ಕುಳಿತು, ತಂದೆ ಮಕ್ಕಳಿಬ್ಬರ ಕೈಯಲ್ಲಿಯೂ ಓಡಾಡುತ್ತವೆ. ಕಲೆಯಲ್ಲಿಯೇ ದೋಷವಿದ್ದ ಪಕ್ಷದಲ್ಲಿ ಈ ದೇಶಗಳಲ್ಲಿಯೂ ಅದು ಸೋಲಬೇಕಾಗಿತ್ತು; ಸೋತಿಲ್ಲ. ಟೆಲಿವಿಷನ್ ಕಾರಣವೆಂಬ ವಾದವೂ ಇದರಿಂದಲೇ ಬಿದ್ದುಹೋಗುತ್ತದೆ. ಜಪಾನಿನ ಮನೆಗಳಲ್ಲಿಯೂ ಟೆಲಿವಿಷನ್ ಇತ್ತು. ಅಲ್ಲಿ ಅದು ಚಿತ್ರಕಥೆಯನ್ನು ಕೊಲ್ಲಲಿಲ್ಲ, ಬದಲಾಗಿ ಅದರ ಕಥೆಗಳನ್ನೇ ಬೇಡಿ ತೆಗೆದುಕೊಂಡು ಹೋಯಿತು.

ಹಾಗಾದರೆ ಅಮೆರಿಕದ ಜನಕ್ಕೇ ಈ ಕಲೆಯಲ್ಲಿ ಅರುಚಿಯೆಂದು ಹೇಳಬಹುದೆ? ಅದೂ ಸಲ್ಲದು. ಒಂದು ಕಾಲದಲ್ಲಿ ಆ ದೇಶದಷ್ಟು ಆಸೆಯಿಂದ ಚಿತ್ರಕಥೆಯನ್ನು ಓದಿದ ದೇಶವು ಬೇರೊಂದಿರಲಿಲ್ಲ. 19ನೆಯ ಶತಮಾನದ ಕೊನೆಯಿಂದಲೂ ಅಲ್ಲಿನ ವೃತ್ತಪತ್ರಿಕೆಗಳ ಭಾನುವಾರದ ಪುಟಗಳಲ್ಲಿ ಚಿತ್ರಮಾಲೆಗಳು ಬರುತ್ತಿದ್ದವು. ಮನೆಯ ಯಜಮಾನನಿಂದ ಮೊದಲುಗೊಂಡು ಕೂಸಿನವರೆಗೆ ಎಲ್ಲರೂ ಅವನ್ನು ಓದುತ್ತಿದ್ದರು. 1930ರ ದಶಕದ ಆದಿಯಲ್ಲಿ ಈ ಮಾಲೆಗಳನ್ನೇ ಕೂಡಿಸಿ ಪುಸ್ತಕರೂಪದಲ್ಲಿ ಮಾರತೊಡಗಿದರು. 1938ರ ಜೂನ್ ತಿಂಗಳ ಹೆಸರು ಹೊತ್ತ 'ಆಕ್ಷನ್ ಕಾಮಿಕ್ಸ್' ಎಂಬ ಪತ್ರಿಕೆಯ ಮೊದಲನೆಯ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡನು. ಜೆರ್ರಿ ಸೀಗಲ್, ಜೋ ಷುಸ್ಟರ್ ಎಂಬ ಇಬ್ಬರು ಯುವಕರು ಆ ವೀರನ ಹಕ್ಕನ್ನು ಪ್ರಕಾಶಕರಿಗೆ ಒಪ್ಪಿಸಿ ಪಡೆದುದು 130 ಡಾಲರು. ಪತ್ರಿಕೆಯ ಬೆಲೆ 10 ಸೆಂಟು, ಪುಟಗಳು 64. ಮದ್ದಿನಂಗಡಿ, ರೈಲ್ವೆ ನಿಲ್ದಾಣ, ಬೀದಿಯ ಮೂಲೆಯ ಪತ್ರಿಕಾ ಕಟ್ಟೆ—ಎಲ್ಲೆಂದರಲ್ಲಿ ಅದು ದೊರೆಯುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಸಿಪಾಯಿಗಳು ಅದನ್ನು ಚೀಲದಲ್ಲಿಟ್ಟುಕೊಂಡು ಸಮುದ್ರ ದಾಟಿದರು. ಯುದ್ಧವು ಮುಗಿದ ಮೇಲೆ ವೀರರ ಕಥೆಗಳ ಬೇಡಿಕೆ ತಗ್ಗಿತು. ಆದರೆ ಚಿತ್ರಕಥೆಯ ಬೇಡಿಕೆ ತಗ್ಗಲಿಲ್ಲ. ದನಗಾಹಿ ವೀರರ ಕಥೆ, ಪತ್ತೇದಾರಿ, ದೆವ್ವದ ಕಥೆ, ಪ್ರಾಣಿಗಳ ಹಾಸ್ಯ ಇವೆಲ್ಲ ಬೆಳೆದವು. 1947ರಲ್ಲಿ ಜೋ ಸೈಮನ್, ಜ್ಯಾಕ್ ಕರ್ಬಿ ಎಂಬವರು ಪ್ರೇಮಕಥೆಗಳ ಪತ್ರಿಕೆಯೊಂದನ್ನು ತೆಗೆದರು. ತರುಣಿಯರು ಅದನ್ನು ಮುಗಿಬಿದ್ದು ಕೊಂಡರು. ವಾಚಕರಿಗೆ ಚಿತ್ರಕಥೆಯು ಬೇಡವಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯವು ಬೇಕಿಲ್ಲ.

ಈ ಬೆಳೆಯುತ್ತಿದ್ದ ಗಿಡಕ್ಕೆ ಮೊದಲ ಕೊಡಲಿಪೆಟ್ಟು ಬಿದ್ದುದು 1954ರಲ್ಲಿ. ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯನು ಆ ವರ್ಷ ಒಂದು ಗ್ರಂಥವನ್ನು ಪ್ರಕಟಿಸಿ, ಬಾಲಾಪರಾಧಕ್ಕೆ ಚಿತ್ರಕಥೆಗಳು ಪ್ರೇರಕವಾಗಿವೆಯೆಂದು ಸಾರಿದನು. ಈತನನ್ನು ಬರಿಯ ಖಳನೆಂದು ಚಿತ್ರಿಸುವುದು ನ್ಯಾಯವಲ್ಲ. ನ್ಯೂಯಾರ್ಕಿನ ಹಾರ್ಲೆಂ ಪ್ರದೇಶದಲ್ಲಿ ಕಪ್ಪು ಜನಾಂಗದ ಬಡವರಿಗಾಗಿ 1946ರಲ್ಲಿ ಚಿಕಿತ್ಸಾಲಯವನ್ನು ತೆರೆದವನು ಈತನೇ. ಆಗಿನ ಕೆಲವು ಚಿತ್ರಕಥೆಗಳಲ್ಲಿ ರಕ್ತಪಾತವು ಮಿತಿಮೀರಿದ್ದುದೂ ನಿಜವೇ. ಆದರೆ ಒಳ್ಳೆಯ ಉದ್ದೇಶವು ಕೆಟ್ಟ ಪ್ರಮಾಣವನ್ನು ಒಳ್ಳೆಯದು ಮಾಡಲಾರದು. ಕ್ಯಾರೊಲ್ ಟಿಲ್ಲಿ ಎಂಬ ವಿದುಷಿಯು ವರ್ಥಮನ ಕಾಗದಪತ್ರಗಳನ್ನು ಪರಿಶೋಧಿಸಿ, ಆತನು ಮಕ್ಕಳ ಹೇಳಿಕೆಗಳನ್ನು ತನ್ನ ವಾದಕ್ಕೆ ತಕ್ಕಂತೆ ತಿದ್ದಿಯೂ ಸೇರಿಸಿಯೂ ಬಳಸಿದ್ದನೆಂಬುದನ್ನು 2012ರಲ್ಲಿ ತೋರಿಸಿಕೊಟ್ಟಳು. ಸತ್ಯವು ಹೊರಬೀಳುವುದಕ್ಕೆ ಐವತ್ತೆಂಟು ವರ್ಷ ಹಿಡಿಯಿತು. ಹಾನಿಯಾಗುವುದಕ್ಕೆ ಆರು ತಿಂಗಳು ಸಾಕಾಗಿತ್ತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸೆನೆಟ್ ಸಭೆಯ ಉಪಸಮಿತಿಯು 1954ರ ಏಪ್ರಿಲ್ ಮತ್ತು ಜೂನ್ ತಿಂಗಳುಗಳಲ್ಲಿ ವಿಚಾರಣೆ ನಡೆಸಿತಾದರೂ, ಅದರ ಫಲವಾಗಿ ರಾಷ್ಟ್ರದ ಶಾಸನಸಭೆಯು ಚಿತ್ರಕಥೆಯನ್ನು ಕಟ್ಟಿಹಾಕುವ ಕಾನೂನನ್ನು ಮಾಡಲಿಲ್ಲ. ಕಟ್ಟಿಹಾಕಿಕೊಂಡವರು ಪ್ರಕಾಶಕರೇ. ಕೊಡಲಿಯ ಕಾವು ಕುಲಕ್ಕೆ ಮೃತ್ಯುವಾಯಿತು. ಅವರು ಕೂಡಿ ಸಂಘವೊಂದನ್ನು ಮಾಡಿಕೊಂಡು, ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಕಾಮಿಕ್ಸ್ ಕೋಡ್ ಎಂಬ ನಿಯಮಾವಳಿಯನ್ನು ಹೊರಡಿಸಿದರು. ಪ್ರತಿಯೊಂದು ಕಥೆಯಲ್ಲಿಯೂ ಒಳ್ಳೆಯದೇ ಗೆಲ್ಲಬೇಕು; ಅಪರಾಧಿಯ ಮೇಲೆ ಓದುಗನಿಗೆ ಕನಿಕರವು ಹುಟ್ಟಕೂಡದು; ಪೋಲೀಸರು, ನ್ಯಾಯಾಧೀಶರು, ಸರಕಾರಿ ಅಧಿಕಾರಿಗಳು ಇವರ ವಿಷಯದಲ್ಲಿ ಅಗೌರವವು ಮೂಡಕೂಡದು; ನಡೆದಾಡುವ ಹೆಣಗಳೂ ಪಿಶಾಚಗಳೂ ಕಾಣಿಸಕೂಡದು. ಇದು ಆ ನಿಯಮಗಳ ಧಾಟಿ. ಈ ತಕ್ಕಡಿಯಲ್ಲಿಟ್ಟು ತೂಗಿದರೆ ರನ್ನನ ಗದಾಯುದ್ಧಕ್ಕೂ ಮುದ್ರೆ ದೊರೆಯುತ್ತಿರಲಿಲ್ಲ. ಅಲ್ಲಿ ರಣರಂಗದಲ್ಲಿ ಮರುಳುಗಳಿವೆ. ತಪ್ಪುಮಾಡಿದ ದುರ್ಯೋಧನನ ಮೇಲೆ ಸಹೃದಯನಿಗೆ ಕನಿಕರವು ಉಕ್ಕುತ್ತದೆ. ಯಾವ ನಿಯಮವು ಮಹಾಕವಿಯನ್ನು ಹೊರಗಿಡುವುದೋ ಅದು ಪ್ರೌಢವಾಚಕನನ್ನು ಒಳಗಿಟ್ಟುಕೊಳ್ಳಲಾರದು.

ನಿಯಮಾವಳಿಯನ್ನು ನಡೆಸಿದ ಬಗೆಯು ನಿಯಮಾವಳಿಗಿಂತಲೂ ಶೋಚನೀಯವಾಗಿತ್ತು. ವಿಲಿಯಂ ಗೇನ್ಸ್ ಎಂಬಾತನ ಇ. ಸಿ. ಸಂಸ್ಥೆಯು ಗಗನಯಾತ್ರಿಯೊಬ್ಬನ ಕಥೆಯನ್ನು ಮರುಮುದ್ರಿಸಲು ಹೊರಟಿತು. ಕಿತ್ತಳೆ ಬಣ್ಣದ ಯಂತ್ರಮಾನವರು ನೀಲಿ ಬಣ್ಣದ ಯಂತ್ರಮಾನವರನ್ನು ಕೀಳಾಗಿ ಕಾಣುವ ಗ್ರಹವೊಂದನ್ನು ಆ ಯಾತ್ರಿಕನು ಪರೀಕ್ಷಿಸಿ, ಇನ್ನೂ ಯೋಗ್ಯತೆ ಸಾಲದೆಂದು ತೀರ್ಪು ಕೊಟ್ಟು ಹಿಂದಿರುಗುತ್ತಾನೆ. ಕೊನೆಯ ಚೌಕಟ್ಟಿನಲ್ಲಿ ಆತನು ಶಿರಸ್ತ್ರಾಣವನ್ನು ತೆಗೆದಾಗ ಆತನು ಕಪ್ಪು ಜನಾಂಗದವನೆಂದು ತಿಳಿಯುತ್ತದೆ. ಕಥೆಯ ಜೀವವೇ ಆ ಒಂದು ಚೌಕಟ್ಟು. ನಿಯಮಾಧಿಕಾರಿಯು ಆತನ ಬಣ್ಣವನ್ನೇ ಬದಲಿಸಬೇಕೆಂದು ಹಟ ಹಿಡಿದನು. ಗೇನ್ಸನು ಮಣಿಯದೆ ಕಥೆಯನ್ನು ಇದ್ದಂತೆಯೇ ಅಚ್ಚುಹಾಕಿ, 1956ರಲ್ಲಿ ಚಿತ್ರಕಥಾ ಪತ್ರಿಕೆಗಳ ವ್ಯಾಪಾರದಿಂದಲೇ ಕೈತೊಳೆದುಕೊಂಡನು. ಬುದ್ಧಿಯುಳ್ಳ ಬರೆಹವು ಹೀಗೆ ಹೊರಗೆ ಹೋಯಿತು. ಒಳಗೆ ಉಳಿದುದು ಹನ್ನೆರಡು ವರ್ಷದ ಬಾಲಕನಿಗೆ ಸಲ್ಲುವಷ್ಟು. 1947ರಲ್ಲಿ ಪ್ರೇಮಕಥೆಯನ್ನು ಕೊಂಡ ತರುಣಿಯು ಕ್ರಮೇಣ ಕೈಬಿಟ್ಟಳೆಂದರೆ ಅದಕ್ಕೆ ಅವಳನ್ನು ದೂರುವುದು ಹೇಗೆ? ಈ ಕೋಡ್ 1971ರಲ್ಲಿ ಸಡಿಲವಾಯಿತು. 2001ರಲ್ಲಿ ಮಾರ್ವೆಲ್ ಸಂಸ್ಥೆಯೂ, 2011ರಲ್ಲಿ ಡಿ. ಸಿ. ಮತ್ತು ಆರ್ಚಿ ಸಂಸ್ಥೆಗಳೂ ಅದನ್ನು ಬಿಟ್ಟವು. ಸರಪಳಿ ಬಿಚ್ಚಿತು, ಆದರೆ ಅಷ್ಟು ಹೊತ್ತಿಗೆ ಕಾಲಿಗೆ ನಡೆಯುವ ಅಭ್ಯಾಸವೇ ತಪ್ಪಿಹೋಗಿತ್ತು.

ಎರಡನೆಯ ಅಗುಳಿ ಅಂಗಡಿಯದು. ಹಿಂದಿನ ಪದ್ಧತಿಯಲ್ಲಿ ಪತ್ರಿಕಾ ಕಟ್ಟೆಯವನು ಮಾರಾಟವಾಗದ ಪ್ರತಿಗಳನ್ನು ಹಿಂದಿರುಗಿಸಬಹುದಾಗಿತ್ತು, ನಷ್ಟವು ಪ್ರಕಾಶಕನದು. 1970ರ ದಶಕದಲ್ಲಿ ಫಿಲ್ ಸ್ಯೂಲಿಂಗ್ ಎಂಬ ನ್ಯೂಯಾರ್ಕಿನ ಉಪಾಧ್ಯಾಯನು ಬೇರೊಂದು ಮಾರ್ಗವನ್ನು ಕಂಡುಹಿಡಿದನು. ಚಿತ್ರಕಥೆಗಳನ್ನೇ ಮಾರುವ ಪ್ರತ್ಯೇಕ ಅಂಗಡಿಗಳಿಗೆ ಹೆಚ್ಚಿನ ರಿಯಾಯಿತಿಯಲ್ಲಿ ಪ್ರತಿಗಳನ್ನು ಒದಗಿಸುವುದು; ಆದರೆ ಒಮ್ಮೆ ಕೊಂಡುದನ್ನು ಹಿಂದಿರುಗಿಸುವಂತಿಲ್ಲ. ಈ ಏರ್ಪಾಟು ಆ ಕಾಲಕ್ಕೆ ಉದ್ಯಮವನ್ನು ಉಳಿಸಿತೆಂಬುದನ್ನು ಒಪ್ಪಬೇಕು. ಪತ್ರಿಕಾ ಕಟ್ಟೆಗಳು ಒಂದೊಂದಾಗಿ ಮರೆಯಾಗುತ್ತಿದ್ದವು, ಸಣ್ಣ ಪ್ರಕಾಶಕರಿಗೂ ಇದರಿಂದ ಆಸರೆ ದೊರೆಯಿತು. ಆದರೆ ಮದ್ದೇ ವಿಷವಾಗುವುದುಂಟು. ಹಿಂದಿರುಗಿಸಲಾರದ ಸರಕನ್ನು ಕೊಳ್ಳುವ ಅಂಗಡಿಯವನು ಖಂಡಿತವಾಗಿ ಮಾರಾಟವಾಗುವುದನ್ನೇ ಕೊಳ್ಳುತ್ತಾನೆ. ಖಂಡಿತವಾಗಿ ಮಾರಾಟವಾಗುವುದು ಹಳೆಯ ಗಿರಾಕಿಯು ಕಳೆದ ತಿಂಗಳು ಕೊಂಡುದೇ. ಹೊಸ ಕಥೆಯನ್ನು ತರಿಸಿ ಹೊಸ ಗಿರಾಕಿಗಾಗಿ ಕಾಯುವ ಧೈರ್ಯವು ಆತನಿಗೆಲ್ಲಿಂದ ಬರಬೇಕು? ಹೀಗೆ ಬೀದಿಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತಿದ್ದ ಪತ್ರಿಕೆಯು ಬಲ್ಲವರು ಮಾತ್ರ ಹೊಗುವ ಒಳಕೋಣೆಯನ್ನು ಸೇರಿತು. ದಾರಿಹೋಕನು ಎಡವಿ ಬಿದ್ದು ವಾಚಕನಾಗುವ ಸಂಭವವು ತಪ್ಪಿತು. ಯಾವ ಸಾಹಿತ್ಯವೂ ಹೊಸ ವಾಚಕರನ್ನು ಗಳಿಸುವುದು ಬಹುಮಟ್ಟಿಗೆ ಹೀಗೆ ಎಡವಿ ಬಿದ್ದವರಿಂದಲೇ.

ಒಳಕೋಣೆಯ ವ್ಯಾಪಾರವು ಎಲ್ಲಿಗೆ ಮುಟ್ಟಿತೆಂಬುದನ್ನು 1990ರ ದಶಕವು ತೋರಿಸಿತು. 1991ರಲ್ಲಿ 'ಎಕ್ಸ್-ಮೆನ್' ಎಂಬ ಪತ್ರಿಕೆಯ ಮೊದಲನೆಯ ಸಂಚಿಕೆಯು ಬೇರೆ ಬೇರೆ ಐದು ಹೊದಿಕೆಗಳೊಡನೆ ಹೊರಟು ಸುಮಾರು 80 ಲಕ್ಷ ಪ್ರತಿಗಳಷ್ಟು ಅಂಗಡಿಗಳಿಗೆ ಹೋಯಿತು. ಇದನ್ನು ಕಂಡು ವಾಚಕರು ಮರಳಿದರೆಂದು ಹಿಗ್ಗಿದವರುಂಟು. ಮರಳಿದವರು ವಾಚಕರಲ್ಲ, ಮುಂದೆ ಬೆಲೆ ಏರೀತೆಂದು ಒಂದೇ ಪತ್ರಿಕೆಯ ಐದೈದು ಪ್ರತಿಗಳನ್ನು ಕೊಂಡು ಪ್ಲಾಸ್ಟಿಕ್ ಲಕೋಟೆಯಿಂದ ಹೊರಗೆ ತೆಗೆಯದೆ ಪೆಟ್ಟಿಗೆಯಲ್ಲಿಟ್ಟ ಸಟ್ಟಾ ವ್ಯಾಪಾರಿಗಳು. ಓದುವುದಕ್ಕಲ್ಲದೆ ಕೂಡಿಡುವುದಕ್ಕಾಗಿ ಮಾರಿದ ಪುಸ್ತಕವು ಪುಸ್ತಕವೆ? ಎಲ್ಲರ ಪೆಟ್ಟಿಗೆಯಲ್ಲಿಯೂ ಇರುವ ವಸ್ತುವಿಗೆ ಬೆಲೆ ಬರುವುದಿಲ್ಲವೆಂಬ ಸಾಮಾನ್ಯ ನ್ಯಾಯವು ಅವರಿಗೆ ತಿಳಿದಾಗ ಮಾರುಕಟ್ಟೆಯು ಕುಸಿಯಿತು. ಅಂಗಡಿಗಳು ಸಾಲಾಗಿ ಮುಚ್ಚಿದವು. 1996ರ ಡಿಸೆಂಬರಿನಲ್ಲಿ ಮಾರ್ವೆಲ್ ಸಂಸ್ಥೆಯು ದಿವಾಳಿ ಅರ್ಜಿಯನ್ನು ಹಾಕಿತು. ಅಳಿದುಳಿದ ಅಂಗಡಿಗಳಿಗೆಲ್ಲ ಡೈಮಂಡ್ ಎಂಬ ಒಂದೇ ವಿತರಣಾ ಸಂಸ್ಥೆಯು ಬಹುಕಾಲ ಸರಕನ್ನು ಒದಗಿಸುತ್ತಿತ್ತು. ಅದೂ 2025ರ ಜನವರಿಯಲ್ಲಿ ದಿವಾಳಿಗೆ ಅರ್ಜಿ ಸಲ್ಲಿಸಿತು. ಊರಿಗೆಲ್ಲ ಒಂದೇ ಕಾಲುವೆಯಿಟ್ಟುಕೊಂಡವರ ಗದ್ದೆಯು ಒಣಗಿದರೆ ಆಶ್ಚರ್ಯವೇನು?

ಮೂರನೆಯ ಅಗುಳಿ ಕಥಾವಸ್ತುವಿನದು. ಎಲ್ಲಕ್ಕಿಂತ ಗಟ್ಟಿಯಾದುದೂ ಇದೇ. ಉಳಿದ ಹಳೆಯ ಗಿರಾಕಿಗಳು ಬಯಸಿದುದು ಬಿಗಿಯುಡುಪಿನ ಅತಿಮಾನುಷ ವೀರರನ್ನು. ಆದುದರಿಂದ ಆ ವೀರರೇ ಅಂಗಡಿಯನ್ನೆಲ್ಲ ಆಕ್ರಮಿಸಿದರು. ವೀರಕಥೆಯು ಕೀಳಾದುದೆಂದು ಯಾರೂ ಹೇಳಲಾರರು. ಆದರೆ ಪುಸ್ತಕದ ಅಂಗಡಿಯಲ್ಲಿ ಪತ್ತೇದಾರಿಗಳ ಹೊರತು ಬೇರೆ ಕಾದಂಬರಿಯೇ ದೊರೆಯದಿದ್ದರೆ ಕಾದಂಬರಿಯ ವಾಚಕರು ಎಷ್ಟು ಮಂದಿ ಉಳಿದಾರು? ಅದೂ ಸಾಲದೆ ಈ ವೀರರ ಕಥೆಗಳಿಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಈ ತಿಂಗಳ ಇಪ್ಪತ್ತು ಪುಟಗಳು ಅರ್ಥವಾಗಬೇಕಾದರೆ ನಲವತ್ತು ವರ್ಷಗಳ ಸಂಚಿಕೆಗಳ ಪರಿಚಯವಿರಬೇಕು. ಒಬ್ಬ ವೀರನ ಕಥೆಯು ಮತ್ತೊಬ್ಬ ವೀರನ ಪತ್ರಿಕೆಯಲ್ಲಿ ಮುಂದುವರಿಯುತ್ತದೆ. ಮಹಾಭಾರತವೂ ದೊಡ್ಡ ಕಥೆಯೇ, ಅದರಲ್ಲಿಯೂ ನೂರಾರು ಪಾತ್ರಗಳಿವೆಯೆಂದು ಇದಕ್ಕೆ ಸಮಾಧಾನ ಹೇಳುವವರುಂಟು. ಆದರೆ ಯಕ್ಷಗಾನದ ಬಯಲಿನಲ್ಲಿ ಕುಳಿತವನಿಗೆ ಹದಿನೆಂಟು ಪರ್ವಗಳೂ ಬಾಯಿಗೆ ಬರಬೇಕಾಗಿಲ್ಲ. ಕರ್ಣಪರ್ವದ ಪ್ರಸಂಗವನ್ನು ನೋಡಲು ಬಂದವನಿಗೆ ಆ ರಾತ್ರಿಯಲ್ಲಿಯೇ ಕಥೆಯು ಆರಂಭವಾಗಿ ಬೆಳಗಾಗುವುದರೊಳಗೆ ಮುಗಿಯುತ್ತದೆ. ಕರ್ಣನು ಸತ್ತರೆ ಸತ್ತನು. ಅಮೆರಿಕದ ಪ್ರಕಾಶಕರಾದರೋ 1992ರಲ್ಲಿ ಸೂಪರ್‌ಮ್ಯಾನನ್ನು ಕೊಂದು, ದೇಶವೆಲ್ಲ ಅದನ್ನು ಸುದ್ದಿಯಾಗಿ ಓದುವಂತೆ ಮಾಡಿ, ಮರುವರ್ಷವೇ ಎಬ್ಬಿಸಿ ಕೂರಿಸಿದರು. ಆ ಸಾವನ್ನು ನಂಬಿ ಪತ್ರಿಕೆಯನ್ನು ಕೊಂಡ ಹೊಸಬನು ಎರಡನೆಯ ಸಲ ಮೋಸಹೋಗಲು ಬಂದಾನೆಯೆ? ಸಾವಿಗೆ ಬೆಲೆಯಿಲ್ಲದ ಕಥೆಯಲ್ಲಿ ಬದುಕಿಗೂ ಬೆಲೆಯಿರುವುದಿಲ್ಲ.

ಹಣದ ಬೆಲೆಯ ಮಾತನ್ನೂ ಆಡಬೇಕು. 10 ಸೆಂಟಿಗೆ 64 ಪುಟ ದೊರೆಯುತ್ತಿದ್ದ ಪತ್ರಿಕೆಗೆ ಈಗ ಸುಮಾರು 4 ಡಾಲರು, ಕೆಲವಕ್ಕೆ 5 ಡಾಲರು. ಕಥೆಯ ಪುಟಗಳು ಇಪ್ಪತ್ತರ ಆಸುಪಾಸು. ಕಾಗದವೂ ಬಣ್ಣವೂ ಮೊದಲಿಗಿಂತ ಉತ್ತಮವಾಗಿವೆಯೆಂಬುದು ನಿಜ; ನಾಣ್ಯದ ಬೆಲೆ ಇಳಿದಿದೆಯೆಂಬುದೂ ನಿಜ. ಅದನ್ನೆಲ್ಲ ಕಳೆದು ನೋಡಿದರೂ ಪುಟವೊಂದಕ್ಕೆ ಬೀಳುವ ಬೆಲೆಯು ಹಲವು ಪಾಲು ಏರಿದೆ. ಕಾಲು ಗಂಟೆಯೊಳಗೆ ಓದಿ ಮುಗಿಯುವ, ಓದಿ ಮುಗಿದರೂ ಕಥೆ ಮುಗಿಯದ ಪುಸ್ತಿಕೆಗೆ ಇಷ್ಟು ತೆರುವವನು ವ್ಯಸನಿಯೇ ಹೊರತು ಸಾಮಾನ್ಯ ಗೃಹಸ್ಥನಲ್ಲ.

ಉದ್ಯಮದವರ ಮೆಚ್ಚಿನ ವಾದವೊಂದು ಉಳಿದಿದೆ. ಚಲನಚಿತ್ರವು ತಮ್ಮ ವೀರರನ್ನು ಲೋಕಕ್ಕೆಲ್ಲ ಪರಿಚಯಿಸುತ್ತಿದೆ, ನೋಡಿದವರು ನಾಳೆ ಓದುಗರಾಗುತ್ತಾರೆ ಎಂದು ಅವರು ಬಹುಕಾಲದಿಂದ ಹೇಳುತ್ತಾರೆ. 2019ರಲ್ಲಿ ತೆರೆಕಂಡ 'ಅವೆಂಜರ್ಸ್: ಎಂಡ್‌ಗೇಮ್' ಎಂಬ ಚಿತ್ರವು 270 ಕೋಟಿ ಡಾಲರಿಗೂ ಮೀರಿ ಗಳಿಸಿತು. ಕೋಟ್ಯಂತರ ಜನರು ಆ ವೀರರ ಹೆಸರನ್ನು ಬಲ್ಲರು. ಅವರ ಮಾಸಪತ್ರಿಕೆಗಳಾದರೋ ಒಂದು ಲಕ್ಷ ಪ್ರತಿಗಳನ್ನು ಮುಟ್ಟಿದರೆ ದೊಡ್ಡ ಗೆಲುವೆಂದು ಎಣಿಸುವ ಸ್ಥಿತಿಯಲ್ಲಿದ್ದವು. ಚಿತ್ರಮಂದಿರದಿಂದ ಹೊರಬಂದ ಹುಡುಗಿಯು ತಾನು ನೋಡಿದ ಕಥೆಯ ಪುಸ್ತಕವನ್ನು ಕೊಡಿರೆಂದು ಕೇಳಿದರೆ, ಅಂಗಡಿಯವನು ಒಂದೇ ಹೆಸರಿನ ಹತ್ತು ಪುಸ್ತಕಗಳನ್ನು ತೋರಿಸಬೇಕಾಗುತ್ತದೆ. ಅವುಗಳಲ್ಲಿ ಒಂದೂ ಅವಳು ನೋಡಿದ ಕಥೆಯಲ್ಲ. ವಾಚಕರಿಗೆ ವೀರರ ಮೇಲೆ ದ್ವೇಷವಿಲ್ಲವೆಂಬುದನ್ನು ಚಲನಚಿತ್ರವು ಸಿದ್ಧಪಡಿಸಿತು. ದೋಷವು ಬೇರೆಡೆಯಲ್ಲಿದೆಯೆಂಬುದನ್ನೂ ಅದೇ ಸಿದ್ಧಪಡಿಸಿತು.

ಈ ಮೂರು ಅಗುಳಿಗಳನ್ನು ತೆಗೆದರೆ ಆಗುವುದೇನು? ಇದಕ್ಕೂ ಊಹೆಯು ಬೇಕಾಗಿಲ್ಲ. ಆರ್ಟ್ ಸ್ಪೀಗೆಲ್ಮನ್ ಎಂಬಾತನು ನಾತ್ಸಿಗಳ ಸೆರೆಯಿಂದ ಬದುಕಿ ಬಂದ ತನ್ನ ತಂದೆಯ ವೃತ್ತಾಂತವನ್ನು ಯಹೂದಿಗಳನ್ನು ಇಲಿಗಳಾಗಿಯೂ ಜರ್ಮನರನ್ನು ಬೆಕ್ಕುಗಳಾಗಿಯೂ ಚಿತ್ರಿಸಿ ಬರೆದನು. 'ಮೌಸ್' ಎಂಬ ಆ ಗ್ರಂಥದ ಮೊದಲನೆಯ ಭಾಗವು 1986ರಲ್ಲಿಯೂ ಎರಡನೆಯದು 1991ರಲ್ಲಿಯೂ ಬಂದವು; 1992ರಲ್ಲಿ ಅದಕ್ಕೆ ವಿಶೇಷ ಪುಲಿಟ್ಜರ್ ಬಹುಮಾನವು ದೊರೆಯಿತು. ಇರಾನಿನಲ್ಲಿ ಬೆಳೆದ ಮರ್ಜಾನ್ ಸತ್ರಪಿಯು ಫ್ರೆಂಚ್ ಭಾಷೆಯಲ್ಲಿ 2000ದಿಂದ 2003ರವರೆಗೆ ಪ್ರಕಟಿಸಿದ 'ಪರ್ಸೆಪೊಲಿಸ್' ಅಮೆರಿಕದಲ್ಲಿಯೂ ಮನೆಮನೆಯನ್ನು ಹೊಕ್ಕಿತು. ಕಪ್ಪು ಜನಾಂಗದ ಹಕ್ಕಿಗಾಗಿ ಹೋರಾಡಿದ ಜಾನ್ ಲೂಯಿಸರು ತಮ್ಮ ಜೀವನವನ್ನು ಇಬ್ಬರ ನೆರವಿನಿಂದ ಚಿತ್ರಕಥೆಯಾಗಿ ಬರೆಸಿದರು. ಅದರ ಮೂರನೆಯ ಸಂಪುಟಕ್ಕೆ 2016ರಲ್ಲಿ ರಾಷ್ಟ್ರೀಯ ಗ್ರಂಥ ಪಾರಿತೋಷಕವು ಸಂದಿತು. ರೈನಾ ಟೆಲ್ಗೆಮಿಯರ್ ಎಂಬಾಕೆಯು ಬಾಲ್ಯದಲ್ಲಿ ಬಿದ್ದು ಮುಂದಿನ ಹಲ್ಲುಗಳನ್ನು ಕಳೆದುಕೊಂಡ ತನ್ನ ಕಥೆಯನ್ನು 2010ರಲ್ಲಿ 'ಸ್ಮೈಲ್' ಎಂಬ ಪುಸ್ತಕವಾಗಿ ಹೊರಡಿಸಿದಳು. ಶಾಲೆಗೆ ಹೋಗುವ ಹೆಣ್ಣುಮಕ್ಕಳು ಅದನ್ನು ಲಕ್ಷಗಟ್ಟಲೆ ಕೊಂಡರು. ಈ ಪುಸ್ತಕಗಳಲ್ಲಿ ಬಿಗಿಯುಡುಪಿನ ವೀರನಿಲ್ಲ; ಕಥೆಯು ಪುಸ್ತಕದೊಳಗೆ ಆರಂಭವಾಗಿ ಪುಸ್ತಕದೊಳಗೆ ಮುಗಿಯುತ್ತದೆ, ಇಲ್ಲವೆ ಎರಡು ಮೂರು ಸಂಪುಟಗಳಲ್ಲಿ ತೀರುತ್ತದೆ; ಇವು ಮಾರಾಟವಾದುದು ಒಳಕೋಣೆಯಲ್ಲಲ್ಲ, ಸಾಮಾನ್ಯ ಪುಸ್ತಕದಂಗಡಿಯಲ್ಲಿ, ಗ್ರಂಥಾಲಯದ ಮೂಲಕ, ಶಾಲೆಯ ಪುಸ್ತಕ ಸಂತೆಯಲ್ಲಿ. ಬಾಗಿಲು ತೆರೆದೊಡನೆ ಜನರು ಬಂದರು. ಬರಲಾರರೆಂದು ಇಷ್ಟು ಕಾಲ ಹೇಳುತ್ತಿದ್ದವರು ಈಗ ಏನು ಹೇಳುವರು?

ಅವರು ಹೇಳುವುದು ಇಷ್ಟು: ಇವು ಕಾಮಿಕ್ಸ್ ಅಲ್ಲ, ಗ್ರಾಫಿಕ್ ನಾವೆಲ್‌ಗಳು. ಹೆಸರನ್ನು ಬದಲಿಸಿ ಮರ್ಯಾದೆಯನ್ನು ಪಡೆಯುವ ಈ ಉಪಾಯವು ನಗೆಗೀಡಾದುದು. ತಂದೆಯ ನಿಜಜೀವನವನ್ನು ಹೇಳುವ 'ಮೌಸ್' ನಾವೆಲ್ ಆಗುವುದು ಹೇಗೆ? 1991ರಲ್ಲಿ ನ್ಯೂಯಾರ್ಕಿನ ಪ್ರಸಿದ್ಧ ವೃತ್ತಪತ್ರಿಕೆಯೊಂದು ಆ ಗ್ರಂಥವನ್ನು ಕಲ್ಪಿತ ಕಥೆಗಳ ಪಟ್ಟಿಯಲ್ಲಿ ಸೇರಿಸಿದಾಗ ಲೇಖಕನೇ ಪ್ರತಿಭಟಿಸಿ ಪತ್ರ ಬರೆದು, ನಿಜಕಥನಗಳ ಪಟ್ಟಿಗೆ ವರ್ಗಾಯಿಸುವಂತೆ ಮಾಡಬೇಕಾಯಿತು. ಚೌಕಟ್ಟು ಅದೇ, ಗುಳ್ಳೆ ಅದೇ, ಲೇಖನಿಯೂ ಮಸಿಯೂ ಅವೇ. ಬದಲಾದುದು ಹೇಳಿದ ವಿಷಯ ಮತ್ತು ಮಾರಿದ ಸ್ಥಳ. ಆ ಎರಡನ್ನು ಒಪ್ಪಿಕೊಂಡರೆ ತಮ್ಮ ತಪ್ಪನ್ನು ಒಪ್ಪಿಕೊಂಡಂತಾಗುವುದೆಂಬ ಭಯದಿಂದ ಹೆಸರಿನ ತೆರೆಯನ್ನು ಹಿಡಿದಿದ್ದಾರೆ.

ಇಷ್ಟು ಹೇಳಿದ ಮೇಲೆ ಎದುರುಪಕ್ಷದಲ್ಲಿರುವ ಒಂದು ನ್ಯಾಯವಾದ ಮಾತನ್ನು ಮರೆಯಬಾರದು. ಚಿತ್ರಕ್ಕೆ ಒಂದು ಅಳತೆ, ಅಕ್ಷರಕ್ಕೆ ಇನ್ನೊಂದು ಅಳತೆಯನ್ನು ಹಿಡಿಯುವ ಹಿರಿಯರು ಇನ್ನೂ ಇದ್ದಾರೆ. 2022ರ ಜನವರಿಯಲ್ಲಿ ಟೆನೆಸಿ ಪ್ರಾಂತ್ಯದ ಮೆಕ್‌ಮಿನ್ ಜಿಲ್ಲೆಯ ಶಾಲಾ ಮಂಡಳಿಯು ಕೆಲವು ಒರಟು ಮಾತುಗಳನ್ನೂ ಒಂದು ನಗ್ನಚಿತ್ರವನ್ನೂ ಕಾರಣವಾಗಿ ಹೇಳಿ 'ಮೌಸ್' ಗ್ರಂಥವನ್ನು ಪಾಠಕ್ರಮದಿಂದ ತೆಗೆದುಹಾಕಿತು. ಲಕ್ಷಾಂತರ ಜನರನ್ನು ಕೊಂದ ಕಥೆಯಲ್ಲಿ ಬೈಗುಳವೊಂದು ಅವರ ಕಣ್ಣಿಗೆ ಬಿದ್ದಿತು. ಆದರೆ ಇವರು ವಾಚಕರಲ್ಲ, ವಾಚಕರ ಹೆಸರಿನಲ್ಲಿ ಬಾಗಿಲು ಕಾಯುವವರು. ವಾಚಕರು ಮಾಡಿದುದೇನೆಂದರೆ, ಸುದ್ದಿ ತಿಳಿದ ಕೆಲವೇ ದಿನಗಳಲ್ಲಿ ಆ ಗ್ರಂಥವನ್ನು ದೇಶದ ಅತ್ಯಂತ ಹೆಚ್ಚು ಮಾರಾಟವಾಗುವ ಪುಸ್ತಕಗಳ ಸಾಲಿಗೆ ಏರಿಸಿದುದು.

ಈ ಪರದೇಶದ ವಿಚಾರದಲ್ಲಿ ಕನ್ನಡಿಗರಿಗೂ ಒಂದು ಪಾಠವಿದೆ. ಏಕೆಂದರೆ ಭಾರತದ ಅತ್ಯಂತ ಪ್ರಸಿದ್ಧವಾದ ಚಿತ್ರಕಥಾ ಮಾಲೆಯು ಕನ್ನಡದ ಸಂಬಂಧವುಳ್ಳದ್ದು. 'ಅಮರ ಚಿತ್ರಕಥೆ'ಯ ಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನಲ್ಲಿ ಜಿ. ಕೆ. ಅನಂತರಾಮ್ ಅವರ ಉತ್ಸಾಹದಿಂದ ಹೊರಬಂದುದು ಕನ್ನಡದಲ್ಲಿ; ಅವು ಪಾಶ್ಚಾತ್ಯ ಮಕ್ಕಳ ಕಥೆಗಳ ಅನುವಾದಗಳಾಗಿದ್ದವು. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳ ಸಂಪಾದಕತ್ವದಲ್ಲಿ ಅದೇ ಮಾಲೆಯು ಪುರಾಣಗಳನ್ನೂ ಇತಿಹಾಸವನ್ನೂ ಕೈಗೆತ್ತಿಕೊಂಡು ದೇಶದ ಹಲವು ಭಾಷೆಗಳಿಗೆ ಹರಡಿ ನಾನೂರಕ್ಕೂ ಹೆಚ್ಚು ಪುಸ್ತಕಗಳಾಗಿ ಬೆಳೆಯಿತು. ಅದು ಗೆದ್ದುದೇಕೆ? ರೈಲ್ವೆ ನಿಲ್ದಾಣದಲ್ಲಿ ದೊರೆಯುತ್ತಿತ್ತು. ಒಂದು ಪುಸ್ತಕದಲ್ಲಿ ಒಂದು ಕಥೆಯು ಮುಗಿಯುತ್ತಿತ್ತು. ವಸ್ತುವು ಮನೆಯಲ್ಲಿ ಎಲ್ಲರಿಗೂ ಬೇಕಾದುದಾಗಿತ್ತು. ಅಮೆರಿಕದವರು ಹಾಕಿಕೊಂಡ ಮೂರು ಅಗುಳಿಗಳಲ್ಲಿ ಒಂದೂ ಅದಕ್ಕಿರಲಿಲ್ಲ.

ಆದರೆ ಕನ್ನಡದ ಬಾಗಿಲೂ ಪೂರ್ತಿಯಾಗಿ ತೆರೆದಿದೆಯೆಂದು ಬೀಗುವಂತಿಲ್ಲ. ಹತ್ತು ವರ್ಷದ ಮಗುವಿನ ಕೈಗೆ ಪುರಾಣದ ಚಿತ್ರಕಥೆಯನ್ನು ಕೊಡುವ ತಂದೆತಾಯಿಗಳು, ಆ ಮಗುವು ಹದಿನೈದಕ್ಕೆ ಕಾಲಿಟ್ಟಾಗ ಇನ್ನು ಚಿತ್ರ ಸಾಕು, ಪುಸ್ತಕ ಓದು ಎನ್ನುತ್ತಾರೆ. ಆ ವಯಸ್ಸಿನವರಿಗಾಗಿ, ಅದಕ್ಕೂ ಮೇಲಿನವರಿಗಾಗಿ, ಕನ್ನಡದಲ್ಲಿಯೇ ಹುಟ್ಟಿದ ಚಿತ್ರಕಥೆಗಳು ವಿರಳ. ಬರಗಾಲದ ಊರು, ಮುಳುಗಡೆಯಾದ ಹಳ್ಳಿ, ಗಿರಣಿ ಮುಚ್ಚಿದ ಪಟ್ಟಣ, ಪರಸ್ಥಳಕ್ಕೆ ಕೆಲಸಕ್ಕೆ ಹೋದ ಮಗ, ಮನೆಯಲ್ಲಿ ಉಳಿದ ಮುದುಕಿ—ಕನ್ನಡದ ಸಣ್ಣಕಥೆಯೂ ಕಾದಂಬರಿಯೂ ತಮ್ಮದಾಗಿಸಿಕೊಂಡಿರುವ ಇಂತಹ ವಸ್ತುಗಳನ್ನು ಚಿತ್ರಕಾರನ ಕುಂಚವು ಮುಟ್ಟಬಾರದೆಂಬ ಶಾಸ್ತ್ರವು ಎಲ್ಲಿಯೂ ಇಲ್ಲ. ಕನ್ನಡ ನಾಡಿನಲ್ಲಿ ಕಥೆಗಾರರಿಗೂ ಬರವಿಲ್ಲ, ಚಿತ್ರಕಾರರಿಗೂ ಬರವಿಲ್ಲ. ಇಬ್ಬರನ್ನೂ ಒಂದು ಮೇಜಿನ ಮುಂದೆ ಕೂರಿಸುವ ಪ್ರಕಾಶಕರಿಗೆ ಬರವಿದೆ. ಇದರಿಂದ ನಷ್ಟವಾಗುವುದು ಕಲೆಗೆ ಮಾತ್ರವಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದಿ ಕನ್ನಡದ ಗದ್ಯವನ್ನು ಕಂಡರೆ ಹಿಂಜರಿಯುವ ಮಗುವಿಗೆ, ಚಿತ್ರದ ಕೈಹಿಡಿದು ಕನ್ನಡದ ಮಾತನ್ನು ಓದುವ ದಾರಿಯೊಂದು ತೆರೆದಿರಬಹುದಾಗಿತ್ತು, ಅದು ಮುಚ್ಚಿಹೋಗುತ್ತಿದೆ. ಆ ಮಗುವು ಕೈಗೆ ಸಿಕ್ಕಿದ ಜಪಾನಿನ ಮಾಂಗಾದ ಇಂಗ್ಲಿಷ್ ಅನುವಾದವನ್ನು ಓದಿ ಬೆಳೆಯುತ್ತದೆ. ಅದನ್ನು ಓದಿದುದು ತಪ್ಪಲ್ಲ. ಅದರ ಪಕ್ಕದಲ್ಲಿ ಇಡಲು ಕನ್ನಡದ ಪುಸ್ತಕವು ಇಲ್ಲದುದು ತಪ್ಪು.

ಮಾಡತಕ್ಕುದು ದೊಡ್ಡದೇನೂ ಅಲ್ಲ. ಗ್ರಂಥಾಲಯಗಳು ಚಿತ್ರಕಥೆಗಳನ್ನು ಮಕ್ಕಳ ವಿಭಾಗದ ಮೂಲೆಯಲ್ಲಿ ಮಾತ್ರ ಇಡದೆ, ಜೀವನಚರಿತ್ರೆಯಾದರೆ ಜೀವನಚರಿತ್ರೆಗಳ ಜೊತೆಯಲ್ಲಿ, ಇತಿಹಾಸವಾದರೆ ಇತಿಹಾಸದ ಜೊತೆಯಲ್ಲಿ ಇಡಲಿ. ಪತ್ರಿಕೆಗಳು ಕಾದಂಬರಿಯನ್ನು ವಿಮರ್ಶಿಸುವ ಪುಟದಲ್ಲಿಯೇ ಚಿತ್ರಕಥೆಯನ್ನೂ ವಿಮರ್ಶಿಸಲಿ. ಕೆಟ್ಟುದನ್ನು ಕೆಟ್ಟುದೆಂದೇ ಹೇಳಲಿ. ಜಿಲ್ಲೆ ಜಿಲ್ಲೆಗಳ ಸಾಹಿತ್ಯ ಸಂಘಗಳು ಕಥಾಸ್ಪರ್ಧೆಗಳನ್ನು ಏರ್ಪಡಿಸುವಾಗ ಕಥೆಗಾರನೂ ಚಿತ್ರಕಾರನೂ ಕೂಡಿ ಬರೆದ ಕೃತಿಗೂ ಒಂದು ಸ್ಥಾನವನ್ನು ಕೊಡಲಿ. ಪ್ರಕಾಶಕರು ಒಂದು ಪುಸ್ತಕದಲ್ಲಿ ಮುಗಿಯುವ ಕಥೆಯನ್ನು ಒಬ್ಬ ಉಪಾಧ್ಯಾಯನಾದರೂ ಕೊಳ್ಳಬಲ್ಲ ಬೆಲೆಗೆ ಮಾರಲಿ. ಇಷ್ಟನ್ನು ಮಾಡಿದ ಮೇಲೆಯೂ ವಾಚಕರು ಬಾರದಿದ್ದರೆ ಆಗ ವಾಚಕರನ್ನು ದೂರಬಹುದು. ಅಮೆರಿಕದಲ್ಲಿ ಅಷ್ಟನ್ನು ಮಾಡಿದ ಕಡೆಗಳಲ್ಲೆಲ್ಲ ವಾಚಕರು ಬಂದರು. ಮಾಡದ ಕಡೆಗಳಲ್ಲಿ ಬರಲಿಲ್ಲ. ನೆಲವು ಡೊಂಕಾಗಿಲ್ಲವೆಂಬುದಕ್ಕೆ ಇಷ್ಟು ಸಾಕು.